ಆರ್ಲಿಸ್ ಪಕ್ಷ ಬದಲಿಸಿದ ವರ್ಷ

ಆರ್ಲಿಸ್ ಹೋವ್‌ಲ್ಯಾಂಡ್ ಪಕ್ಷ ಬದಲಿಸುತ್ತಾಳಂತೆ ಎಂಬ ಸುದ್ದಿ ನಮ್ಮ ಎಲ್ಮ್ ಫೋರ್ಕ್‌ನಲ್ಲಿ ಹರಡಿದಾಗ ಜನ ಮೊದಲು ಕೇಳಿದ್ದು "ಯಾಕೆ" ಎಂದಲ್ಲ, "ಮರ್ಲ್‌ಗೆ ಗೊತ್ತಾ?" ಎಂದು. ಮರ್ಲ್ ಅವಳ ಗಂಡ. ನಮ್ಮ ಕೌಂಟಿಯ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವನು ಅವನ ಅಪ್ಪ. ಅವರ ಮನೆಯ ಅಡುಗೆಮನೆಯ ಕಪಾಟಿನ ಮೇಲೆ ಪಿಂಗಾಣಿಯದು, ಮರದ್ದು, ಹಿತ್ತಾಳೆಯದು ಅಂತ ಒಂದು ಹಿಂಡು ಆನೆಗಳಿದ್ದವು. ಎಲ್ಲವೂ ಪಕ್ಷದ ಗುರುತು, ಎಲ್ಲವೂ ಉಡುಗೊರೆ. ಆ ಆನೆಗಳ ಧೂಳು ಒರೆಸುತ್ತ ಬಂದವಳು ಆರ್ಲಿಸ್.

ಈ ಕತೆ ನನಗೆ ಗೊತ್ತಿರುವುದಕ್ಕೆ ಕಾರಣ, ಅದು ಶುರುವಾದದ್ದೇ ನನ್ನ ಕೆಫೆಯಲ್ಲಿ.

ಆರ್ಲಿಸ್ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಊರಿನಲ್ಲಿ ನಲವತ್ತರ ಕೆಳಗಿನವರಲ್ಲಿ ಮುಕ್ಕಾಲು ಪಾಲು ಜನರನ್ನು ಮೊದಲು ಕೈಯಲ್ಲಿ ಹಿಡಿದವಳು ಅವಳೇ. ಅವಳು ನಿವೃತ್ತಳಾದ ಮರುವರ್ಷ ಆ ವಾರ್ಡನ್ನು ಮುಚ್ಚಿದರು. ಹೆರಿಗೆಗಳು ಕಡಿಮೆ, ಖರ್ಚು ಜಾಸ್ತಿ ಎಂದರು. ಆಮೇಲೆ ಬಂದ ಚಳಿಗಾಲದಲ್ಲಿ ಅವಳ ತಂಗಿಯ ಮಗಳು ಬ್ರಿಟಾ, ದೂರದ ಪಟ್ಟಣದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಹಿಮ ಬೀಳುತ್ತಿದ್ದ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆರ್ಲಿಸ್ ಮನಸ್ಸಿನಲ್ಲಿ ಏನೋ ಗಟ್ಟಿಯಾಗಿ ಕೂತುಬಿಟ್ಟಿತು. ಮೊದಲು ಅವಳು ತನ್ನ ಪಕ್ಷದವರ ಹತ್ತಿರವೇ ಹೋದಳು. ಗಂಡನ ಸ್ನೇಹಿತರು ಅವಳನ್ನು ಕೂರಿಸಿ, ಕಾಫಿ ಕೊಟ್ಟು, ತಲೆಯಾಡಿಸಿ ಕಳಿಸಿದರು. ಇನ್ನೊಂದು ಪಕ್ಷದವರಿಗೆ ನಮ್ಮ ಕೌಂಟಿಯಲ್ಲಿ ಒಂದು ಕಚೇರಿಯೂ ಇರಲಿಲ್ಲ.

ಅಧ್ಯಕ್ಷ ಚುನಾವಣೆಯ ಹಿಂದಿನ ವರ್ಷದ ನವೆಂಬರ್‌ನಲ್ಲಿ ನಮ್ಮ ಅಯೋವಾ ರಾಜ್ಯದಲ್ಲಿ ಯಾವ ಅಂಗಡಿಯ ಬಾಗಿಲು ತೆಗೆದರೂ ಒಬ್ಬ ಅಭ್ಯರ್ಥಿ ಒಳಗೆ ನಿಂತಿರುತ್ತಾನೆ. ದೇಶದಲ್ಲಿ ಎಲ್ಲರಿಗಿಂತ ಮೊದಲು ಕಾಕಸ್, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆ, ನಡೆಸುವವರು ನಾವು. ಆ ವರ್ಷ ರಿಪಬ್ಲಿಕನ್ನರಿಗೆ ತಲೆಬಿಸಿ ಇರಲಿಲ್ಲ, ಅಧಿಕಾರದಲ್ಲಿದ್ದ ಅಧ್ಯಕ್ಷರೇ ಮತ್ತೆ ನಿಲ್ಲುತ್ತಿದ್ದರು. ಡೆಮಾಕ್ರಟರಲ್ಲಿ ಮಾತ್ರ ಪೈಪೋಟಿ. ಎಲ್ಲರೂ ಗೆಲ್ಲುತ್ತಾನೆ ಎನ್ನುತ್ತಿದ್ದ ಒಬ್ಬ ಸೆನೆಟರ್, ಟಿವಿಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಒಬ್ಬ ಮೇಯರ್, ಆಮೇಲೆ ಆಸಾ ವಿನ್‌ಗೇಟ್ ಎಂಬ ಮಾಜಿ ಗವರ್ನರ್. ಪೂರ್ವ ಕರಾವಳಿಯ ಪುಟ್ಟ ರಾಜ್ಯವೊಂದರಿಂದ ಬಂದಿದ್ದ ಅವನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವನು ನನ್ನ ಕೆಫೆಗೆ ಬಂದ ದಿನ ಹಿಮಗಾಳಿ ಎದ್ದಿತು. ಕೇಳಲು ಬಂದವರು ಮೂರೋ ನಾಲ್ಕೋ ಜನ, ಅವರೂ ಬಂದದ್ದು ನನ್ನ ದಾಲ್ಚಿನ್ನಿ ರೋಲ್ ತಿನ್ನಲಿಕ್ಕೆ. ಅಷ್ಟರಲ್ಲಿ ಹೆದ್ದಾರಿ ಮುಚ್ಚಿದರು. ವಿನ್‌ಗೇಟ್ ಸಂಜೆಯವರೆಗೂ ಅಲ್ಲೇ ಸಿಕ್ಕಿಬಿದ್ದ. ನನ್ನ ಕೆಲಸದವಳು ಬಂದಿರಲಿಲ್ಲ. ಅವನು ಕೋಟು ತೆಗೆದಿಟ್ಟು, ತೋಳು ಮಡಚಿ, ಪಾತ್ರೆ ತೊಳೆಯಲು ನಿಂತ. ಫೋಟೋ ತೆಗೆಯುವವರೂ ಯಾರೂ ಇರಲಿಲ್ಲ.

ರೋಲ್ ತಿನ್ನಲು ಬಂದು ತಾನೂ ಸಿಕ್ಕಿಕೊಂಡಿದ್ದ ಆರ್ಲಿಸ್ ಪಕ್ಕದಲ್ಲಿ ನಿಂತು ತಟ್ಟೆ ಒರೆಸುತ್ತ ಹೆರಿಗೆ ವಾರ್ಡಿನ ಕತೆ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದ, "ವಾರ್ಡು ಮತ್ತೆ ತೆರೀಬೇಕಾದ್ರೆ ನಾಳೆ ಬೆಳಿಗ್ಗೆ ಮೊದಲು ಏನು ಬೇಕು?"

"ಅರಿವಳಿಕೆ ಕೊಡೋ ಡಾಕ್ಟರು," ಎಂದಳು ಆರ್ಲಿಸ್. "ಇಲ್ಲಿಗೆ ಬಂದು ಇರೋಕೆ ಅವರಿಗೊಂದು ಕಾರಣ."

"ಸರಿ. ನನ್ನ ಪರವಾಗಿ ಈ ಊರಲ್ಲಿ ಕಾಕಸ್ ನಡೆಸಿಕೊಡ್ತೀರಾ?"

"ಗವರ್ನರೇ, ನಾನು ರಿಪಬ್ಲಿಕನ್."

"ಓಹೋ."

"ನನ್ನ ಗಂಡ ಕೌಂಟಿ ಅಧ್ಯಕ್ಷ."

ವಿನ್‌ಗೇಟ್ ಕೈ ಒರೆಸಿಕೊಂಡ. "ಹಾಗಾದ್ರೆ ನೀವು ಹೇಳೋ ಮಾತನ್ನ ಜನ ನನ್ನ ಮಾತಿಗಿಂತ ಚೆನ್ನಾಗಿ ಕೇಳ್ತಾರೆ," ಎಂದ.

ಅವಳು ಕೊನೆಯ ತಟ್ಟೆ ಒರೆಸಿ ಕಪಾಟಿಗೆ ಸೇರಿಸಿದಳು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಕಚೇರಿಗೆ ಫೋನ್ ಮಾಡಿ "ಆಗಲಿ" ಎಂದಳು. ಆಮೇಲೆ ಗಂಡನಿಗೆ ಹೇಳಿದಳು. ಆ ಮಾತುಕತೆಯನ್ನು ಅವಳೇ ನನಗೆ ವರದಿ ಮಾಡಿದ್ದಾಳೆ.

"ನಿಂಗೆ ತಲೆ ಕೆಟ್ಟಿದೆಯೇನೇ?" ಎಂದನಂತೆ ಮರ್ಲ್. "ಕತ್ತೆಗಳ ಜೊತೆ ಸೇರ್ಕೊಳ್ತೀಯಾ?" ಕತ್ತೆ ಆ ಪಕ್ಷದ ಗುರುತು. ಅವನು ಬೈಗುಳವಾಗಿಯೂ ಬಳಸಿದನೆನ್ನಿ.

"ಇಷ್ಟು ವರ್ಷ ಆನೆಗಳ ಧೂಳು ಒರೆಸಿದ್ದೀನಿ. ಇನ್ಮೇಲೆ ನೀನೇ ಒರೆಸ್ಕೊ."

"ನಾನು ಜನಕ್ಕೆ ಏನಂತ ಮುಖ ತೋರಿಸ್ಲಿ?"

"ಇದೇ ಮುಖ ತೋರಿಸು. ಬೇರೆ ಎಲ್ಲಿದೆ ನಿಂಗೆ?"

ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮರ್ಲ್ ನನ್ನ ಕೆಫೆಗೆ ಬಂದು, ಕಾಫಿ ತರಿಸಿಕೊಂಡು, ಅದನ್ನು ಕುಡಿಯದೆ ಕೂತ. "ಲವಾನ್, ಅವಳು ಗೆಲ್ಲಲ್ಲ ಅಲ್ವಾ?" ಎಂದು ಕೇಳಿದ. ನನಗೆ ಅಯ್ಯೋ ಅನಿಸಿತು. ಗೆಲ್ಲುವುದು ಕಷ್ಟ ಎಂದೆ. ಅವನಿಗೆ ಅದರಿಂದಲೂ ಸಮಾಧಾನವಾದಂತೆ ಕಾಣಲಿಲ್ಲ.

ಜನವರಿಯ ಕಾಕಸ್ ಸಂಜೆ ಎರಡೂ ಪಕ್ಷಗಳದ್ದೂ ಒಂದೇ ಶಾಲೆಯಲ್ಲಿ. ರಿಪಬ್ಲಿಕನ್ನರು ಗ್ರಂಥಾಲಯದಲ್ಲಿ, ಡೆಮಾಕ್ರಟರು ಬ್ಯಾಸ್ಕೆಟ್‌ಬಾಲ್ ಆಡುವ ಹಾಲ್‌ನಲ್ಲಿ. ಹೋವ್‌ಲ್ಯಾಂಡ್ ದಂಪತಿ ಒಂದೇ ಕಾರಿನಲ್ಲಿ ಬಂದರು, ಬೂಟಿನ ಹಿಮ ಕೊಡವಿದರು, ಅವನು ಬಲಕ್ಕೆ ಹೋದ, ಅವಳು ಎಡಕ್ಕೆ ಬಂದಳು. ಹಾಲ್ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ಹುಡುಗಿ ತಲೆಯೆತ್ತಿ ನೋಡಿ, "ಆರ್ಲಿಸ್ ಆಂಟಿ, ನಿಮ್ಮದು ಆ ಕಡೆ," ಎಂದಳು.

"ಇಲ್ಲ ಕಣಮ್ಮ, ಇವತ್ತಿಂದ ಈ ಕಡೆ," ಎಂದು ಆರ್ಲಿಸ್ ಅಲ್ಲೇ ನಿಂತು ಪಕ್ಷ ಬದಲಿಸಿದಳು. ನಮ್ಮಲ್ಲಿ ಅದಕ್ಕೆ ಒಂದು ಸಹಿ ಸಾಕು. ಆದರೆ ಅವಳು ತನ್ನ ಹೆಸರನ್ನೇ ತಪ್ಪಾಗಿ ಬರೆದು, ಹೊಡೆದುಹಾಕಿ, ಮತ್ತೆ ಬರೆದದ್ದನ್ನು ನಾನು ನೋಡಿದೆ.

ನಮ್ಮ ಕಾಕಸ್‌ನಲ್ಲಿ ಗುಟ್ಟಿನ ಮತ ಇಲ್ಲ. ನೀವು ಯಾರ ಪರವೋ ಅವರ ಮೂಲೆಯಲ್ಲಿ ಹೋಗಿ ನಿಲ್ಲಬೇಕು. ಊರೆಲ್ಲ ನೋಡುತ್ತಿರುತ್ತದೆ. ಬ್ಯಾಂಕಿನವನು, ಪಾದ್ರಿ, ನಿಮ್ಮ ಹಲ್ಲು ಕೀಳುವವನು, ಎಲ್ಲರೂ. ಹಾಲ್‌ನಲ್ಲಿದ್ದವರ ಶೇಕಡಾ ಹದಿನೈದು ಮಂದಿ ನಿಮ್ಮ ಮೂಲೆಯಲ್ಲಿ ಇಲ್ಲದಿದ್ದರೆ ನಿಮ್ಮ ಅಭ್ಯರ್ಥಿ ಆ ಹಾಲ್‌ನಲ್ಲಿ ಸತ್ತಂತೆ. ಅವನ ಕಡೆಯವರು ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಬೇರೆಯವರನ್ನು ಎಳೆದು ತರಬೇಕು. ಅದಕ್ಕೆ ಅರ್ಧ ಗಂಟೆ ಕೊಡುತ್ತಾರೆ.

ಮೊದಲ ಎಣಿಕೆಯಲ್ಲಿ ಸೆನೆಟರ್‌ನ ಮೂಲೆ ಜಾತ್ರೆಯಂತಿತ್ತು. ಆರ್ಲಿಸ್ ಜೊತೆ ನಾನೂ ನಿಂತಿದ್ದ ವಿನ್‌ಗೇಟ್ ಮೂಲೆಗೆ ಬೇಕಿದ್ದದ್ದು ಹತ್ತು ಜನ. ನಾವಿದ್ದದ್ದು ಏಳು. ಮೇಯರ್‌ನವರಿಗೂ ಸಾಲಲಿಲ್ಲ. ಹಾಲ್‌ನ ನಡುವೆ, ಯಾವ ಮೂಲೆಯೂ ಬೇಡ ಎಂದು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದವನು ಆರಿನ್ ಫೆಲ್‌ಸ್ಟಾಡ್, ಧಾನ್ಯದ ಗೋದಾಮಿನವನು, ಜೊತೆಗೆ ಅವನ ಮಾತನ್ನೇ ಕಾಯುವ ಅವನ ಕಡೆಯ ಮೂವರು. ಆರಿನ್ ಎರಡೂ ಪಕ್ಷಗಳನ್ನು ಬೈಯುತ್ತ ಬಂದವನು. ಹಿಂದೆಲ್ಲ ಮೂರನೆಯ ಪಕ್ಷದವರಿಗೇ ಮತ ಹಾಕಿದ್ದ. ಅವರು ಯಾರೂ ಎಲ್ಲೂ ಗೆಲ್ಲಲಿಲ್ಲ, ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು.

ಆರ್ಲಿಸ್ ಅವನ ಎದುರು ಹೋಗಿ ನಿಂತಳು.

"ಬಂದ್ಯಾ," ಎಂದ ಆರಿನ್. "ನೀನೂ ಭಾಷಣ ಶುರು ಮಾಡಬೇಡ. ಆಗಲೇ ಇಬ್ಬರದ್ದು ಕೇಳಿ ಕಿವಿ ತೂತಾಗಿದೆ."

"ಭಾಷಣ ನನಗೆ ಬರಲ್ಲ. ಒಂದು ಮಾತು ಕೇಳ್ತೀನಿ. ನಿನ್ನ ಮಗಳು ಹುಟ್ಟಿದ ದಿನ ನೆನಪಿದೆಯಾ?"

"ಅದನ್ನ ಇಲ್ಲಿ ಎಳೀಬೇಡ."

"ಅವಳು ಹೊಟ್ಟೇಲಿ ಅಡ್ಡ ತಿರುಗಿದ್ಳು. ಡಾಕ್ಟರು ಆರು ನಿಮಿಷದಲ್ಲಿ ಬಂದ್ರು. ಅವರ ಮನೆ ಮುಂದಿನ ಬೀದಿಲೇ ಇತ್ತಲ್ಲ. ಈಗ ಆ ಮನೇಲಿ ಯಾರಿದ್ದಾರೆ?"

ಆ ಮನೆ ಖಾಲಿ ಇತ್ತು. ಆರಿನ್‌ನ ಅದೇ ಮಗಳು ಆ ಚಳಿಗಾಲದಲ್ಲಿ ಏಳು ತಿಂಗಳ ಬಸುರಿ. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆರ್ಲಿಸ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

"ನಿನ್ನ ಗವರ್ನರು ಒಳ್ಳೆಯವನೇ ಇರಬಹುದು," ಎಂದ ಆರಿನ್ ಕೊನೆಗೆ. "ಆದ್ರೆ ನನಗೆ ಸೋಲೋ ಕುದುರೆ ಮೇಲೆ ಕೂತು ಕೂತು ಸಾಕಾಗಿದೆ. ಇಲ್ಲಿ ನಿಲ್ಲಿಸಿ ನವೆಂಬರ್‌ನಲ್ಲಿ ಸೋಲಿಸೋಕೆ ನಾನ್ಯಾಕೆ ಎದ್ದು ಬರ್ಲಿ? ಇವನು ಗೆಲ್ತಾನೆ ಅಂತ ನಿಂಗೆ ಯಾರು ಹೇಳಿದ್ದು?"

ಅದೇ ಹೊತ್ತಿಗೆ ಬಾಗಿಲಲ್ಲಿ ಮರ್ಲ್ ಕಾಣಿಸಿಕೊಂಡ. ಅವರ ಸಭೆ ಬೇಗ ಮುಗಿದಿತ್ತು. ಇದ್ದವನು ಒಬ್ಬನೇ ಅಭ್ಯರ್ಥಿ, ಚರ್ಚೆಗೆ ಏನಿರುತ್ತದೆ? ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಬಂದು, ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ನೋಡುವವರಿಗೆ ಅಡ್ಡಿಯಿಲ್ಲ, ಮಾತಾಡುವಂತಿಲ್ಲ, ಅಷ್ಟೇ.

ಆರಿನ್ ಕುರ್ಚಿಯಲ್ಲೇ ತಿರುಗಿ ಕೂಗಿ ಕೇಳಿದ, "ಏ ಮರ್ಲ್. ಈ ಮೂವರಲ್ಲಿ ನವೆಂಬರ್‌ನಲ್ಲಿ ಯಾರು ಎದುರಿಗೆ ಬರಬಾರದು ಅಂತ ನೀನು ಬೇಡ್ಕೊಳ್ತಿದ್ದೀಯಾ?"

ಮರ್ಲ್ ಬದುಕಿನಲ್ಲಿ ಎಷ್ಟೋ ಚುನಾವಣೆ ನಡೆಸಿದವನು. ಆದರೆ ಸುಳ್ಳು ಹೇಳುವ ವಿದ್ಯೆ ಅವನಿಗೆ ಹತ್ತಿರಲಿಲ್ಲ. ಅವನ ಕುತ್ತಿಗೆ ಕೆಂಪಾಯಿತು, ಆಮೇಲೆ ಕಿವಿ ಕೆಂಪಾಯಿತು. ಸೆನೆಟರ್‌ನ ಮೂಲೆಯನ್ನೊಮ್ಮೆ ನೋಡಿದ. ಮೇಯರ್‌ನ ಮೂಲೆಯನ್ನು ನೋಡಿದ. ಆಮೇಲೆ ಅವನ ಕಣ್ಣು ಹೆಂಡತಿಯ ಮೇಲೆ ನಿಂತಿತು.

"ನಾನಿಲ್ಲಿ ಮಾತಾಡೋ ಹಾಗಿಲ್ಲ," ಎಂದ ತಡವರಿಸುತ್ತ.

"ಬೇಡ ಬಿಡು, ಸಾಕು," ಎಂದ ಆರಿನ್. ಎದ್ದ. ಕುರ್ಚಿ ಮಡಚಿದ. ಅದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮೂಲೆಗೆ ನಡೆದು ಬಂದು, ಮತ್ತೆ ಬಿಡಿಸಿ, ಅದರ ಮೇಲೆ ಕೂತ. ಅವನ ಮೂವರೂ ಹಿಂದೆಯೇ ಬಂದರು. ನಾವು ಹನ್ನೊಂದಾದೆವು. ನಮ್ಮ ಮೂಲೆಯಲ್ಲಿ ಎದ್ದ ಗದ್ದಲಕ್ಕೆ ಮೇಯರ್‌ನವರಲ್ಲೂ ಕೆಲವರು ಎದೆಗೆ ಅಂಟಿಸಿಕೊಂಡಿದ್ದ ಅವನ ಹೆಸರಿನ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು ಈಚೆ ನಡೆದರು.

ಎಲ್ಮ್ ಫೋರ್ಕ್‌ನಿಂದ ವಿನ್‌ಗೇಟ್‌ಗೆ ಸಿಕ್ಕಿದ್ದು ಪಕ್ಷದ ಸಮ್ಮೇಳನಕ್ಕೆ ಹೋಗುವ ಒಬ್ಬ ಪ್ರತಿನಿಧಿ. ಆ ಪ್ರತಿನಿಧಿ ಆರ್ಲಿಸ್. ಅಷ್ಟೇ ನಮ್ಮ ಗೆಲುವು. ಆದರೆ ಅಂಥದ್ದೇ ಹಾಲ್‌ಗಳಲ್ಲಿ, ಅಂಥದ್ದೇ ಊರುಗಳಲ್ಲಿ ರಾಜ್ಯದ ಉದ್ದಕ್ಕೂ ಹಾಗೇ ಆಗಿತ್ತು. ಮರುದಿನ ಟಿವಿಯವರು ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತರು. ಸೆನೆಟರ್ ಮೊದಲನೆಯವನಾದ, ವಿನ್‌ಗೇಟ್ ಕೂದಲೆಳೆಯಲ್ಲಿ ಎರಡನೆಯವನು. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದವನು ಎರಡನೆಯವನಾದರೆ ಅದು ಮೊದಲನೆಯದಕ್ಕಿಂತ ದೊಡ್ಡ ಸುದ್ದಿ. ಚಂದಾ ಬಂತು, ಜನ ಬಂದರು. ಒಂದಾದ ಮೇಲೊಂದು ರಾಜ್ಯ ಅವನ ಕಡೆ ವಾಲಿತು. ಬೇಸಗೆಯ ಹೊತ್ತಿಗೆ ಸೆನೆಟರ್ ಹಿಂದೆ ಸರಿದು ಅವನನ್ನೇ ಬೆಂಬಲಿಸಿದ, ಪಕ್ಷದ ಅಭ್ಯರ್ಥಿ ವಿನ್‌ಗೇಟೇ ಆದ.

ಅಷ್ಟರೊಳಗೆ ಆರ್ಲಿಸ್ ಪಕ್ಷದ ಮೆಟ್ಟಿಲು ಹತ್ತುತ್ತಿದ್ದಳು. ಮೊದಲು ಕೌಂಟಿ ಸಮ್ಮೇಳನ, ಆಮೇಲೆ ಜಿಲ್ಲಾ ಸಮ್ಮೇಳನ. ಅವುಗಳಲ್ಲಿ ಇಡೀ ದಿನ ಕಬ್ಬಿಣದ ಕುರ್ಚಿಯಲ್ಲಿ ಕೂತು, ಪಕ್ಷದ ನಿರ್ಣಯದಲ್ಲಿ ಅಲ್ಪವಿರಾಮ ಎಲ್ಲಿ ಬರಬೇಕು ಎಂಬುದಕ್ಕೆ ಜನ ಜಗಳಾಡುವುದನ್ನು ಕೇಳಬೇಕು. ಜಿಲ್ಲಾ ಸಮ್ಮೇಳನದ ಕೊನೆಗೆ, ಅರ್ಧ ಜನ ಎದ್ದು ಹೋದ ಮೇಲೆ, ಒಬ್ಬ ಎಲೆಕ್ಟರ್ ಬೇಕು ಎಂದು ಸಭೆಯ ಅಧ್ಯಕ್ಷರು ಕೂಗಿದರಂತೆ. "ಅದರ ಕೆಲಸ ಏನು?" ಎಂದು ಆರ್ಲಿಸ್ ಕೇಳಿದಳು. ಪ್ರಶ್ನೆ ಕೇಳಿದವಳೇ ಆಸಕ್ತಿಯಿದ್ದವಳು ಎಂದುಕೊಂಡು ಯಾರೋ ಅವಳ ಹೆಸರು ಸೂಚಿಸಿದರು, ಇನ್ಯಾರೋ ಅನುಮೋದಿಸಿದರು, ಎಲ್ಲರೂ ಕೈ ಎತ್ತಿ ಮನೆಗೆ ಹೋದರು.

ಕೆಲಸ ಸಣ್ಣದಲ್ಲ. ನವೆಂಬರ್‌ನಲ್ಲಿ ನಾವೆಲ್ಲ ಮತಪತ್ರದಲ್ಲಿ ಅಧ್ಯಕ್ಷ ಅಭ್ಯರ್ಥಿಯ ಹೆಸರಿಗೆ ಗುರುತು ಹಾಕುತ್ತೇವೆ. ಕಾನೂನಿನ ಕಣ್ಣಲ್ಲಿ ನಾವು ಆರಿಸುವುದು ಅವನ ಪಕ್ಷದ ಎಲೆಕ್ಟರ್‌ಗಳನ್ನು. ರಾಜ್ಯದಲ್ಲಿ ಯಾರಿಗೆ ಒಂದು ಮತ ಹೆಚ್ಚು ಬಂದರೂ ರಾಜ್ಯದ ಎಲೆಕ್ಟರ್‌ಗಳೆಲ್ಲ ಅವನವರೇ. ಡಿಸೆಂಬರ್‌ನಲ್ಲಿ ಅವರು ಸೇರಿ ನಿಜವಾದ ಮತ ಹಾಕುತ್ತಾರೆ. ಇದನ್ನು ತಿಳಿದ ದಿನ ಮರ್ಲ್ ಚಮಚ ಕೆಳಗಿಟ್ಟು, "ಅಂದ್ರೆ ನವೆಂಬರ್‌ನಲ್ಲಿ ನಾನು ನನ್ನ ಹೆಂಡತಿ ವಿರುದ್ಧವೇ ಓಟು ಹಾಕ್ಬೇಕಾ?" ಎಂದ.

"ಹಾಕು," ಎಂದಳು ಆರ್ಲಿಸ್. "ಮನೇಲಿ ದಿನಾ ಹಾಕ್ತಾನೇ ಇದ್ದೀಯಲ್ಲ."

ಸೆಪ್ಟೆಂಬರ್‌ನಿಂದ ಅವಳು ಮನೆಮನೆ ಹತ್ತಿದಳು. ಜನವರಿಯಲ್ಲಿ ಎದುರು ಮೂಲೆಯಲ್ಲಿ ನಿಂತು ಮೂದಲಿಸಿದ್ದ ಸೆನೆಟರ್‌ನ ಕಡೆಯವರು ಈಗ ಅವಳ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕರಪತ್ರ ಜೋಡಿಸುತ್ತಿದ್ದರು. ಪಕ್ಷ ಅಂದರೆ ಹಾಗೆಯೇ. ಜೂನ್‌ವರೆಗೆ ಕಚ್ಚಾಡು, ಜುಲೈನಿಂದ ಒಟ್ಟಿಗೆ ಊಟ ಮಾಡು. ಹೋವ್‌ಲ್ಯಾಂಡ್ ಅಂಗಳದಲ್ಲಿ ಎರಡು ಪ್ರಚಾರ ಫಲಕ ನಿಂತಿದ್ದವು, ಒಬ್ಬೊಬ್ಬರ ಅಭ್ಯರ್ಥಿಯದು ಒಂದೊಂದು, ನಡುವೆ ಒಂದು ಹೂವಿನ ಪಾತಿ. ಹುಲ್ಲು ಕತ್ತರಿಸುವಾಗ ಮರ್ಲ್ ಎರಡರ ಸುತ್ತಲೂ ಒಂದೇ ಜಾಗ್ರತೆಯಿಂದ ಯಂತ್ರ ತಿರುಗಿಸುತ್ತಿದ್ದ.

ಒಂದು ದಿನ ನಾನೇ ಕೇಳಿದೆ. "ಆರ್ಲಿಸ್, ನಮ್ಮ ಕೌಂಟಿ ಎಂದೂ ನಮ್ಮ ಪಕ್ಷಕ್ಕೆ ಬಂದಿಲ್ಲ. ಈ ಸಲವೂ ಬರಲ್ಲ. ಸುಮ್ನೆ ಕಾಲು ಯಾಕೆ ಸವೆಸ್ತೀಯ? ನಗರಕ್ಕೆ ಹೋಗಿ ಕೆಲಸ ಮಾಡು."

"ಕೌಂಟಿ ಬೇಡ ನಂಗೆ," ಎಂದಳು ಅವಳು. "ಕೌಂಟಿ ಗೆದ್ರೆ ಯಾರೂ ಏನೂ ಕೊಡಲ್ಲ. ರಾಜ್ಯ ಗೆದ್ರೆ ಪೂರ್ತಿ. ಹೋದ ಸಲ ಇಲ್ಲಿ ನಾಲ್ಕರಲ್ಲಿ ಮೂರು ಜನ ಆ ಕಡೆ ಹಾಕಿದ್ರು. ಈ ಸಲ ನಾಲ್ಕನೆಯವನ ಪಕ್ಕಕ್ಕೆ ಇನ್ನು ಅರ್ಧ ಆಳು ಬಂದ್ರೆ ಸಾಕು. ನಾನು ಸೋಲ್ತೀನಿ. ಕಡಿಮೆ ಸೋಲ್ತೀನಿ."

ಹೆರಿಗೆಗೆ ದೂರ ಓಡಬೇಕಾದ ಊರುಗಳು ಅಯೋವಾದಲ್ಲಿ ಒಂದೆರಡಲ್ಲ. ಅವಳ ಹಾಗೆ ಕಡಿಮೆ ಸೋಲಲು ಹೊರಟವರು ಕೌಂಟಿ ಕೌಂಟಿಯಲ್ಲೂ ಇದ್ದರು ಎಂದು ನಮಗೆ ಆಮೇಲೆ ತಿಳಿಯಿತು.

ಚುನಾವಣೆಯ ಮರುದಿನ ಬೆಳಿಗ್ಗೆ ನಾನು ಕೆಫೆಯ ಬಾಗಿಲು ತೆಗೆಯುವ ಮೊದಲೇ ಹೊರಗೆ ಜನ ನಿಂತಿದ್ದರು. ಕೌಂಟಿಯ ಫಲಿತಾಂಶ ಬಂದಿತ್ತು. ಮರ್ಲ್ ಎಂದಿನಂತೆ ಗೆದ್ದಿದ್ದ. ಅವನ ಗೆಳೆಯರು ಬೆನ್ನು ತಟ್ಟಿ ಒಳಗೆ ಕರೆತಂದರು, ಕರಿದ ಹಂದಿಮಾಂಸದ ದೊಡ್ಡ ಸ್ಯಾಂಡ್‌ವಿಚ್ ತರಿಸಿದರು, ಬೆಳಗಿನ ತಿಂಡಿಗೆ ಅದು ಬೇಕಾ ಎಂದು ನಾನು ಕೇಳಿದರೆ ಗೆದ್ದವನಿಗೆ ಹೊತ್ತುಗೊತ್ತಿಲ್ಲ ಎಂದರು. ಆರ್ಲಿಸ್ ಕಿಟಕಿಯ ಬಳಿ ಒಬ್ಬಳೇ ಕೂತಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ದೇಶದ ಫಲಿತಾಂಶ ಇನ್ನೂ ತೂಗುತ್ತಿತ್ತು. ಬಾಕಿ ಉಳಿದದ್ದು ಎರಡು ರಾಜ್ಯ, ಅವುಗಳಲ್ಲಿ ಒಂದು ನಮ್ಮದು.

"ಎಷ್ಟರಲ್ಲಿ ಗೆದ್ದೆ?" ಎಂದು ಆರಿನ್ ಮರ್ಲ್‌ನನ್ನು ಕೇಳಿದ.

"ಐದರಲ್ಲಿ ಮೂರು ನಮ್ಮದು."

"ಹೋದ ಸಲ ನಾಲ್ಕರಲ್ಲಿ ಮೂರು ಇತ್ತಲ್ಲೋ."

ಮರ್ಲ್ ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದ. ಚುನಾವಣೆ ನಡೆಸಿದವನು, ಲೆಕ್ಕ ಅವನಿಗೆ ತಕ್ಷಣ ಹೊಳೆಯಿತು. ಮೆಲ್ಲಗೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. "ಬೇರೆ ಕೌಂಟಿಗಳಲ್ಲೂ ಹೀಗೇ ಆಗಿದ್ರೆ..." ಎಂದು ಶುರುಮಾಡಿ ಪೂರ್ತಿ ಮಾಡಲಿಲ್ಲ.

ಹಾಗೇ ಆಗಿತ್ತು. ಅವನ ಮಾತು ಅಲ್ಲಿಗೆ ನಿಂತ ಸ್ವಲ್ಪ ಹೊತ್ತಿಗೆ ಕೌಂಟರಿನ ಮೇಲಿದ್ದ ಟಿವಿಯಲ್ಲಿ ನಮ್ಮ ರಾಜ್ಯದ ಬಣ್ಣ ಬದಲಾಯಿತು. ಕಾರ್ಯಕ್ರಮ ನಡೆಸುತ್ತಿದ್ದವಳು ಅಯೋವಾ ವಿನ್‌ಗೇಟ್ ಪಾಲಾಯಿತು, ಅದರೊಂದಿಗೆ ಅಧ್ಯಕ್ಷ ಪದವಿಗೆ ಬೇಕಾದಷ್ಟು ಎಲೆಕ್ಟರ್‌ಗಳೂ ಅವರಿಗೆ ಸಿಕ್ಕರು ಎಂದಳು. ನಗರಗಳು ಎಂದಿನಂತೆ ಮತ ಹಾಕಿದ್ದವು. ಬದಲಾದದ್ದು ಹಳ್ಳಿಗಳು. ನಕ್ಷೆ ತೋರಿಸುತ್ತ, ಸೋತ ಕೌಂಟಿಗಳಲ್ಲೇ ಇವರು ಗೆದ್ದಿದ್ದಾರೆ ಎಂದಳು ಅವಳು. ನನ್ನ ಕೆಫೆಯಲ್ಲಿದ್ದವರಿಗೆ ಯಾರೂ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಆರ್ಲಿಸ್ ಎದ್ದು ನಿಂತಳು. ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತಳು. ಮತ್ತೆ ಎದ್ದಳು. ಅಷ್ಟರಲ್ಲಿ ನಾನು ಕೌಂಟರಿನ ಹಿಂದಿನಿಂದ ಓಡಿ ಬಂದು ಅವಳನ್ನು ತಬ್ಬಿಕೊಂಡಿದ್ದೆ. ಇಬ್ಬರೂ ಹುಡುಗಿಯರ ಹಾಗೆ ಕುಣಿದೆವು. ಆರಿನ್ ತನ್ನ ಜೀವನದಲ್ಲಿ ಮೊದಲ ಸಲ ಗೆದ್ದವನಿಗೆ ಮತ ಹಾಕಿದ್ದ. ಟೋಪಿ ತೆಗೆದು ತಲೆ ಕೆರೆದುಕೊಂಡು, "ಹೀಗಿರುತ್ತಾ ಇದು?" ಎಂದು ಪಕ್ಕದವನನ್ನು ಕೇಳುತ್ತಿದ್ದ.

ಮರ್ಲ್ ತನ್ನ ಗೆಳೆಯರ ಮೇಜಿನಿಂದ ಎದ್ದು ಬಂದ. ಕೆಫೆಯಲ್ಲಿ ಎಲ್ಲರೂ ನೋಡುತ್ತಿದ್ದರು.

"ಕೌಂಟಿ ನಂದು," ಎಂದ.

"ಕೌಂಟಿ ನಿಂದೇ," ಎಂದಳು ಆರ್ಲಿಸ್.

"ನಲವತ್ತು ವರ್ಷದಿಂದ ನಡೆಸ್ತಿದ್ದೀನಿ. ನನ್ನ ಕಾಲಡಿಯಿಂದ ರಾಜ್ಯಾನೇ ಎಳ್ಕೊಂಡು ಹೋದ್ಯಲ್ಲೇ." ಅವನ ದನಿಯಲ್ಲಿ ಸಿಟ್ಟಿತ್ತು, ಆದರೆ ಅದಕ್ಕಿಂತ ಹೆಚ್ಚಿಗೆ ಇನ್ನೇನೋ ಇತ್ತು. ತನ್ನದೇ ಕಸುಬಿನಲ್ಲಿ ತನಗಿಂತ ಗಟ್ಟಿಯವರನ್ನು ಕಂಡ ಕಸುಬುದಾರನ ಬೆರಗು. "ಎಲ್ಲಿ ಕಲಿತೆ ಇದನ್ನ?"

"ನಿನ್ನ ಊಟದ ಮೇಜಲ್ಲಿ," ಎಂದಳು ಅವಳು. "ಇಷ್ಟು ವರ್ಷ ನಾನು ಬರೀ ಬಡಿಸ್ತಿದ್ದೆ ಅಂದ್ಕೊಂಡಿದ್ಯಾ?"

ಅವನ ಗೆಳೆಯರಲ್ಲೇ ಯಾರೋ ಮೊದಲು ನಕ್ಕರು. ಆಮೇಲೆ ಇಡೀ ಕೆಫೆ ನಕ್ಕಿತು. ಮರ್ಲ್ ತಾನೂ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ, ಅವಳ ಎದುರಿನ ಕುರ್ಚಿ ಎಳೆದು ಕೂತ.

ಡಿಸೆಂಬರ್‌ನಲ್ಲಿ ಎಲೆಕ್ಟರ್ ಮತ ಹಾಕಲು ರಾಜಧಾನಿ ಡಿ ಮೊಯ್ನ್‌ಗೆ ಹೋಗುವ ದಿನ ರಸ್ತೆಯೆಲ್ಲ ಮಂಜುಗಡ್ಡೆ. ಪಕ್ಷದವರು ಕಾರು ಕಳಿಸುತ್ತೇವೆ ಎಂದಿದ್ದರು. "ಈ ರಸ್ತೇಲಿ ಅವಳನ್ನ ಬೇರೆಯವರ ಕೈಗೆ ಕೊಡಲ್ಲ," ಎಂದು ಮರ್ಲ್ ತಾನೇ ಹೊರಟ. ನನ್ನನ್ನೂ ಕರೆದರು. ದಾರಿಯುದ್ದಕ್ಕೂ ಮರ್ಲ್ ಎಲೆಕ್ಟರ್ ಪದ್ಧತಿಯೇ ಸರಿಯಿಲ್ಲ ಎಂದು ವಾದಿಸಿದ. ಹೋದ ಸಲ ನೀನೇ ಅದನ್ನು ಸಮರ್ಥಿಸುತ್ತಿದ್ದೆ ಎಂದು ಆರ್ಲಿಸ್ ನೆನಪಿಸಿದಳು. ಹೋದ ಸಲ ಅದು ನಮ್ಮ ಕಡೆ ಇತ್ತು ಎಂದು ಅವನು ಒಪ್ಪಿಕೊಂಡ.

ರಾಜ್ಯದ ಶಾಸನಸಭೆಯ ಕಟ್ಟಡದಲ್ಲಿ, ಚಿನ್ನದ ಗುಮ್ಮಟದ ಕೆಳಗಿನ ದೊಡ್ಡ ಕೋಣೆಯಲ್ಲಿ ಅಮೃತಶಿಲೆಯ ಕಂಬಗಳಿದ್ದವು, ಶಾಲೆಯ ಮಕ್ಕಳ ಒಂದು ಹಾಡುವ ತಂಡವಿತ್ತು, ನಮ್ಮ ರಾಜ್ಯದ ಎಲೆಕ್ಟರ್‌ಗಳಿಗಾಗಿ ಒಂದು ಉದ್ದ ಮೇಜಿತ್ತು. ನಿವೃತ್ತ ಮೇಷ್ಟ್ರೊಬ್ಬರು, ಕಾರ್ಮಿಕ ಸಂಘದ ಒಬ್ಬಾಕೆ, ಇನ್ನೂ ಕಾಲೇಜು ಮುಗಿಸದ ಒಬ್ಬ ಯುವತಿ, ಅಂಥವರು. ಕೂಡಿಸಿದರೆ ಅವರು ನನ್ನ ಕೆಫೆಯ ಒಂದು ಮೇಜಿಗೆ ಸರಿಹೋಗುತ್ತಿದ್ದರು. ಅವರೇ ಆ ದಿನ ಅಯೋವಾ.

ಒಬ್ಬೊಬ್ಬರ ಹೆಸರು ಕೂಗಿದರು. ಆರ್ಲಿಸ್ ಹೋವ್‌ಲ್ಯಾಂಡ್ ಎಂದಾಗ ಅವಳು ಎದ್ದಳು. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿದ್ದಳು. ಮತಪತ್ರ ತೆಗೆದುಕೊಂಡಳು, ಓದಿದಳು, ಇನ್ನೊಮ್ಮೆ ಓದಿದಳು. ನಿಧಾನವಾಗಿ ಸಹಿ ಹಾಕಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಈ ಸಲ ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ.

ಎಲ್ಲರದ್ದೂ ಎಣಿಸಿ, ಅಯೋವಾ ರಾಜ್ಯದ ಅಷ್ಟೂ ಮತಗಳು ಆಸಾ ವಿನ್‌ಗೇಟ್‌ಗೆ ಎಂದು ಘೋಷಿಸಿದಾಗ ಕೋಣೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಕ್ಕಕ್ಕೆ ತಿರುಗಿದೆ. ಮರ್ಲ್ ಕೂಡ ಎದ್ದಿದ್ದ. ಕೋಟಿನ ಮೇಲೆ ಆನೆಯ ಬಿಲ್ಲೆ ಹಾಕಿಕೊಂಡೇ ಬಂದಿದ್ದ, ಅದು ಎಲ್ಲರಿಗೂ ಕಾಣುತ್ತಿತ್ತು. ಅವನು ದೊಡ್ಡ ಅಂಗೈಗಳಿಂದ ಜೋರಾಗಿ ತಟ್ಟುತ್ತಿದ್ದ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದ.

"ಅವನು ನಿನ್ನವನಲ್ಲ ಕಣೋ," ಎಂದು ನಾನು ಪಿಸುಗುಟ್ಟಿದೆ.

"ಅವಳು ನನ್ನವಳು," ಎಂದ.

ಹೊರಗೆ ಬಿಸಿಲು ಬಂದಿತ್ತು. ಮೆಟ್ಟಿಲ ಮೇಲೆ ಎಲೆಕ್ಟರ್‌ಗಳೆಲ್ಲ ಫೋಟೋ ತೆಗೆಸಿಕೊಂಡರು. ಕಾಲೇಜು ಹುಡುಗಿ ಆರ್ಲಿಸ್ ತೋಳು ಹಿಡಿದುಕೊಂಡು ನಡೆದಳು. ಎಲ್ಲರಿಗೂ ಹಸಿವಾಗಿತ್ತು. ಹತ್ತಿರದ ಊಟದ ಮನೆಯಲ್ಲಿ ಎರಡು ಮೇಜು ಜೋಡಿಸಿ ಕೂತೆವು. ಸಂಘದ ಹೆಂಗಸಿಗೂ ಮರ್ಲ್‌ಗೂ ತೆರಿಗೆಯ ವಿಷಯದಲ್ಲಿ ವಾದ ಹತ್ತಿತು. ಇಬ್ಬರೂ ಮೇಜು ಗುದ್ದಿದರು, ಇಬ್ಬರೂ ಇನ್ನೊಂದು ಸುತ್ತು ಸೂಪು ತರಿಸಿಕೊಂಡರು. ಆರ್ಲಿಸ್ ಮಧ್ಯದಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಆಗಾಗ ತಲೆಯೆತ್ತಿ ಆ ಗಲಾಟೆಯನ್ನೆಲ್ಲ ಒಮ್ಮೆ ನೋಡುವಳು. ಮುಖ ತುಂಬ ನಗು ಹರಡುತ್ತಿತ್ತು. ಅದನ್ನು ಅಡಗಿಸಲು ಅವಳು ಆ ದಿನ ಪ್ರಯತ್ನವನ್ನೂ ಮಾಡಲಿಲ್ಲ.